ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಮನಸ್ಸು: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯನ್ನು ಕುರಿತು

ಶಸ್ತ್ರಚಿಕಿತ್ಸೆಯು ಶರೀರಕ್ಕೆ ಸಂಬಂಧಿಸಿದ ವಿಷಯ. ಅದರಲ್ಲಿ ಮನಶ್ಶಾಸ್ತ್ರಕ್ಕೆ ಏನು ಕೆಲಸ ಎಂದು ಕೇಳುವವರುಂಟು. ರೋಗವಿರುವುದು ಹೊಟ್ಟೆಯಲ್ಲಿ, ಅದನ್ನು ಕೊಯ್ದು ತೆಗೆಯಲು ಶಸ್ತ್ರವೈದ್ಯರಿದ್ದಾರೆ, ನೋವು ತಿಳಿಯದಂತೆ ಮಾಡಲು ಅರಿವಳಿಕೆಯ ಮದ್ದಿದೆ. ಹೀಗಿರಲು ಮನಸ್ಸಿನ ಪ್ರಶ್ನೆ ಎಲ್ಲಿಂದ ಬಂತು? ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯನ್ನು ಆಸ್ಪತ್ರೆಯ ವಾರ್ಡಿನಲ್ಲಿ ಒಮ್ಮೆಯಾದರೂ ಕಳೆದವರು ಈ ಪ್ರಶ್ನೆಯನ್ನು ಕೇಳಲಾರರು. ಆ ರಾತ್ರಿ ರೋಗಿಗೆ ನಿದ್ರೆಯಿಲ್ಲ. ಅವನ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ ಹೆಂಡತಿಗೂ ಇಲ್ಲ.

ಪ್ರಕೃತ ಲೇಖನದಲ್ಲಿ ನಾವು ಈ ಭಯದ ಸ್ವರೂಪವನ್ನೂ, ಅದು ಚಿಕಿತ್ಸೆಯ ಫಲದ ಮೇಲೆ ಉಂಟುಮಾಡುವ ಪರಿಣಾಮವನ್ನೂ, ಚಾಮರಾಜನಗರ ಜಿಲ್ಲೆಯ ಮೂರು ತಾಲ್ಲೂಕುಗಳನ್ನು ಕಣ್ಣಮುಂದೆ ಇಟ್ಟುಕೊಂಡು ವಿವರಿಸಲು ಯತ್ನಿಸಿದ್ದೇವೆ. ಇದು ಅಂಕಿ ಅಂಶಗಳ ವರದಿಯಲ್ಲ. ಮುಂದೆ ಅಂಥ ವರದಿಯನ್ನು ಸಿದ್ಧಪಡಿಸಬಯಸುವ ವಿದ್ಯಾರ್ಥಿಗಳಿಗೆ ನೆಲವನ್ನು ಹದಮಾಡುವುದಷ್ಟೇ ನಮ್ಮ ಉದ್ದೇಶ.

ಮೊದಲು ಒಂದು ನಿದರ್ಶನ. ನಮ್ಮಲ್ಲೊಬ್ಬರ ಸೋದರಮಾವನವರು ಯಳಂದೂರಿನ ಬಳಿಯ ಒಂದು ಹಳ್ಳಿಯ ರೈತರು. ಕೆಲವು ವರ್ಷಗಳ ಹಿಂದೆ ಹರ್ನಿಯಾಕ್ಕಾಗಿ ಅವರನ್ನು ದೂರದ ನಗರದ ಆಸ್ಪತ್ರೆಯೊಂದಕ್ಕೆ ಸೇರಿಸಲಾಯಿತು. ಮನೆಯವರು ಅವರಿಗೆ ಹೇಳಿದ್ದು ಒಂದೇ ಮಾತು: “ಏನೂ ಆಗಲ್ಲ, ಸುಮ್ಕಿರಪ್ಪ.” ವೈದ್ಯರು ಮಗನೊಡನೆ ಮಾತನಾಡಿದರು, ಮಗ ಕಾಗದಕ್ಕೆ ರುಜು ಹಾಕಿದ. ಹಿಂದಿನ ರಾತ್ರಿಯಿಂದ ಅನ್ನ ನೀರು ಕೊಡಲಿಲ್ಲ. ಏಕೆಂದು ಯಾರೂ ತಿಳಿಸಲಿಲ್ಲ. ಮಧ್ಯಾಹ್ನ 2 ಗಂಟೆಗೆ ಒಳಗೆ ಕರೆದೊಯ್ದು ಬೆನ್ನಿಗೆ ಸೂಜಿ ಚುಚ್ಚಿದರು. ಕೆಲವು ನಿಮಿಷಗಳಲ್ಲಿ ಅವರಿಗೆ ಕಾಲುಗಳೇ ಇಲ್ಲವೆಂಬಂತಾಯಿತು. ಎಚ್ಚರವಿದೆ, ಸುತ್ತಲಿನವರ ಮಾತು ಕೇಳುತ್ತಿದೆ, ಕಾಲು ಮಾತ್ರ ಇಲ್ಲ! ಲಕ್ವ ಹೊಡೆಯಿತೆಂದು ತಿಳಿದು ಅವರು ಕೂಗಿಕೊಂಡರಂತೆ. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು, ಗಾಯ ಮಾಯಿತು. ಆದರೆ ಊರಿಗೆ ಬಂದ ಮೇಲೆ ಅವರು ಗಾಯದ ಮಾತನ್ನು ಆಡಲಿಲ್ಲ. “ಕಾಲು ಹೋಗಿತ್ತು” ಎಂಬುದನ್ನೇ ಹೇಳಿದರು. ಎರಡು ವರ್ಷಗಳ ಅನಂತರ ಇನ್ನೊಂದು ಮಗ್ಗುಲಿಗೂ ಅದೇ ವ್ಯಾಧಿ ಕಾಣಿಸಿಕೊಂಡಾಗ ಆಸ್ಪತ್ರೆಗೆ ಹೋಗಲು ಒಪ್ಪಲೇ ಇಲ್ಲ.

ಇಲ್ಲಿ ತಪ್ಪಿದ್ದು ಯಾವುದು? ಶಸ್ತ್ರವೂ ಅಲ್ಲ, ಮದ್ದೂ ಅಲ್ಲ. ಮುಂದೆ ಆಗಲಿರುವುದೇನೆಂಬ ಅರಿವು ರೋಗಿಗೆ ಇರಲಿಲ್ಲ.

ಮನಶ್ಶಾಸ್ತ್ರದ ಗ್ರಂಥಗಳಲ್ಲಿ ಭಯಕ್ಕೂ ಆತಂಕಕ್ಕೂ ವ್ಯತ್ಯಾಸವನ್ನು ಹೇಳುವುದು ವಾಡಿಕೆ. ಭಯಕ್ಕೆ ಎದುರಿನಲ್ಲಿ ಒಂದು ವಸ್ತುವಿರುತ್ತದೆ. ಆತಂಕಕ್ಕೆ ಇರುವುದಿಲ್ಲ, ಅಥವಾ ಇದ್ದರೂ ಮಸುಕಾಗಿರುತ್ತದೆ. ಕೊಳ್ಳೇಗಾಲದ ಕಡೆಯ ಹಳ್ಳಿಗರು ಈ ಎರಡಕ್ಕೂ ಸೇರಿ ಬಳಸುವ ಮಾತು ‘ದಿಗಿಲು’. “ಎದೆ ಡವಗುಟ್ಟುತ್ತದೆ”, “ಕೈಕಾಲು ತಣ್ಣಗಾಗುತ್ತದೆ”, “ಹೊಟ್ಟೆಯೊಳಗೆ ತಳಮಳ” ಎಂದು ಅವರು ಹೇಳುವುದೆಲ್ಲ ಈ ದಿಗಿಲಿನ ವರ್ಣನೆಯೇ. ‘ನಿಮಗೆ ಆತಂಕವಿದೆಯೇ?’ ಎಂದು ಪ್ರಶ್ನಾವಳಿಯನ್ನು ಹಿಡಿದು ಕೇಳಿದರೆ ಇಲ್ಲವೆನ್ನುವ ಮುದುಕಿಯು, “ದಿಗಿಲಾಯ್ತದಾ ಅವ್ವಾ?” ಎಂದು ಕೇಳಿದೊಡನೆ ಅರ್ಧ ಗಂಟೆ ಮಾತನಾಡಿಯಾಳು. ಪರಿಭಾಷೆಯನ್ನು ಪುಸ್ತಕದಿಂದ ಆರಿಸುವ ನಮ್ಮ ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ದಿಗಿಲು ಮನಸ್ಸಿನಲ್ಲಿ ಮಾತ್ರ ಉಳಿಯುವುದಿಲ್ಲ. ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳು ರಕ್ತದಲ್ಲಿ ಏರುತ್ತವೆ, ನಾಡಿ ತೀವ್ರವಾಗುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಆ ಒತ್ತಡವನ್ನು ಕಂಡು ಶಸ್ತ್ರಚಿಕಿತ್ಸೆಯನ್ನೇ ಮುಂದಕ್ಕೆ ಹಾಕುವುದುಂಟು. ಗಾಯ ಮಾಯುವುದಕ್ಕೂ ಮನಸ್ಸಿನ ಸ್ಥಿತಿಗೂ ಸಂಬಂಧವಿದೆಯೆಂಬುದನ್ನು ಅಮೆರಿಕದಲ್ಲಿ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಬುದ್ಧಿಭ್ರಮಣೆಯ ಬಂಧುಗಳನ್ನು ಹಗಲಿರುಳು ನೋಡಿಕೊಳ್ಳುತ್ತಿದ್ದ 13 ಮಂದಿ ಸ್ತ್ರೀಯರ ಹಾಗೂ ಅಂಥ ಹೊರೆಯಿಲ್ಲದ 13 ಮಂದಿ ಸ್ತ್ರೀಯರ ತೋಳಿನ ಮೇಲೆ ಒಂದೇ ಅಳತೆಯ ಸಣ್ಣ ಗಾಯವನ್ನು ಮಾಡಿ ಅವರು ಪರೀಕ್ಷಿಸಿದರು. ಮೊದಲನೆಯ ಗುಂಪಿನವರ ಗಾಯ ಮಾಯಲು ಸುಮಾರು 9 ದಿನ ಹೆಚ್ಚು ಹಿಡಿಯಿತು. ಪರೀಕ್ಷೆಗೆ ಒಳಪಟ್ಟವರು ಕೆಲವರೇ ಆದರೂ ಫಲಿತಾಂಶವು ಗಮನಾರ್ಹ.

ಶಸ್ತ್ರಚಿಕಿತ್ಸೆಯ ರೋಗಿಗಳ ಭಯವನ್ನು ಕ್ರಮವಾಗಿ ಅಭ್ಯಸಿಸಿದ ಮೊದಲಿಗರಲ್ಲಿ ಇರ್ವಿಂಗ್ ಜಾನಿಸ್ ಮುಖ್ಯನು. 1958ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಒಂದು ವಿಚಿತ್ರವಾದ ವಾದವನ್ನು ಮುಂದಿಟ್ಟನು: ಅತಿಯಾಗಿ ಹೆದರಿದವರಂತೆಯೇ ಲೇಶವೂ ಹೆದರದವರು ಕೂಡ ಶಸ್ತ್ರಚಿಕಿತ್ಸೆಯ ಅನಂತರ ಹೆಚ್ಚು ಕಷ್ಟಪಡುತ್ತಾರೆ, ಮಿತವಾಗಿ ಹೆದರಿದವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಏಕೆಂದರೆ ಚಿಂತೆಯೂ ಒಂದು ಕೆಲಸ. ಮುಂಬರುವ ನೋವನ್ನು ಮನಸ್ಸಿನಲ್ಲಿ ಮೊದಲೇ ಎದುರುಗೊಂಡವನಿಗೆ ಅದು ಬಂದಾಗ ಬೆರಗಾಗುವುದಿಲ್ಲ. ಅನಂತರದ ಸಂಶೋಧಕರಲ್ಲಿ ಬಹುಮಂದಿಗೆ ಈ ಏರಿಳಿತದ ರೇಖೆ ಕಾಣಸಿಗಲಿಲ್ಲ. ಮುಂಚಿನ ಭಯ ಹೆಚ್ಚಿದಷ್ಟೂ ಅನಂತರದ ನೋವೂ ಕಳವಳವೂ ಹೆಚ್ಚು ಎಂಬ ನೇರವಾದ ಸಂಬಂಧವೇ ಅವರಿಗೆ ತೋರಿತು. ಆದರೂ ಜಾನಿಸನ ಮಾತಿನಲ್ಲಿ ಒಂದು ತಿರುಳು ಉಳಿದಿದೆಯೆಂದು ನಮಗೆ ತೋರುತ್ತದೆ. “ಏನೂ ಆಗುವುದಿಲ್ಲ” ಎಂಬ ಸಾಂತ್ವನವು ರೋಗಿಯಿಂದ ಆ ಕೆಲಸವನ್ನು ಕಸಿದುಕೊಳ್ಳುತ್ತದೆ. ಏನಾದರೂ ಆಗಿಯೇ ಆಗುತ್ತದೆಂಬುದು ಅವನಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಮರುದಿನ ನೋವು ಬಂದಾಗ, ತನಗೆ ಹೇಳದೆ ಮುಚ್ಚಿಟ್ಟದ್ದು ಇನ್ನೆಷ್ಟಿದೆಯೋ ಎಂದು ಅವನು ಶಂಕಿಸುತ್ತಾನೆ.

ಹೇಳಿದರೆ ಏನಾಗುತ್ತದೆ? ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಗ್ಬರ್ಟ್ ಎಂಬ ಅರಿವಳಿಕೆ ತಜ್ಞನೂ ಅವನ ಸಹೋದ್ಯೋಗಿಗಳೂ ನಡೆಸಿ 1964ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದಿದ್ದ 97 ರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಅರಿವಳಿಕೆ ತಜ್ಞರೇ ಹೋಗಿ, ನೋವು ಎಲ್ಲಿ ಬರುತ್ತದೆ, ಎಷ್ಟು ದಿನ ಇರುತ್ತದೆ, ಏಕೆ ಬರುತ್ತದೆ, ಹೊಟ್ಟೆಯ ಸ್ನಾಯುಗಳನ್ನು ಹೇಗೆ ಸಡಿಲಬಿಡಬೇಕು, ಮಗ್ಗುಲಾಗುವಾಗ ಕೈಕಾಲುಗಳನ್ನು ಹೇಗೆ ಊರಬೇಕು ಎಂಬುದನ್ನು ತಿಳಿಸಿದರು. ಇನ್ನೊಂದು ಗುಂಪಿಗೆ ನೋವಿನ ಮಾತನ್ನೇ ಎತ್ತಲಿಲ್ಲ. ತಿಳಿವಳಿಕೆ ಪಡೆದವರಿಗೆ ನೋವಿನ ಮದ್ದು ಸುಮಾರು ಅರ್ಧದಷ್ಟೇ ಸಾಕಾಯಿತು. ಯಾರು ಯಾವ ಗುಂಪಿನವರೆಂದು ಅರಿಯದ ಶಸ್ತ್ರವೈದ್ಯರು ಅವರನ್ನು ಸರಾಸರಿ 2.7 ದಿನ ಮುಂಚಿತವಾಗಿ ಮನೆಗೆ ಕಳುಹಿಸಿದರು. ಇಲ್ಲಿ ಪ್ರಯೋಗಿಸಿದ ಮದ್ದು ಮಾತು ಮಾತ್ರ. 2016ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ 105 ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದಾಗ ಪ್ರಯೋಜನವು ಕಂಡಿತಾದರೂ ಎಗ್ಬರ್ಟನಿಗೆ ಕಂಡಷ್ಟು ದೊಡ್ಡದಾಗಿ ಕಾಣಲಿಲ್ಲ. ಸಾಕ್ಷ್ಯದ ಗುಣವೂ ಕೆಳಮಟ್ಟದ್ದೆಂದು ಅದು ಹೇಳಿತು. ವಾಚಕರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಏನನ್ನು ಹೇಳಬೇಕೆಂಬುದು ಮುಂದಿನ ಪ್ರಶ್ನೆ. ಶುಶ್ರೂಷಾ ಸಂಶೋಧಕಿ ಜೀನ್ ಜಾನ್ಸನ್ 1970ರ ದಶಕದಲ್ಲಿ ಕಂಡುಕೊಂಡದ್ದೇನೆಂದರೆ, ವೈದ್ಯರು ಏನು ಮಾಡುತ್ತಾರೆಂಬ ವಿವರಣೆಗಿಂತ ರೋಗಿಗೆ ಏನು ಅನುಭವವಾಗುತ್ತದೆಂಬ ವಿವರಣೆ ಹೆಚ್ಚು ಉಪಯುಕ್ತ. ನಮ್ಮ ನಿದರ್ಶನಕ್ಕೆ ಇದನ್ನು ಅನ್ವಯಿಸಿ ನೋಡೋಣ. ಹರ್ನಿಯಾ, ಹೆರಿಗೆಯ ಆಪರೇಷನ್, ಕೆಳಹೊಟ್ಟೆಯ ಇತರ ಹಲವು ಶಸ್ತ್ರಚಿಕಿತ್ಸೆಗಳು ಬೆನ್ನಿನ ಸೂಜಿಯಿಂದಲೇ ನಡೆಯುತ್ತವೆ. ಆ ಸೂಜಿಯ ಅನಂತರ ಕಾಲು ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಜೋಮು ಹಿಡಿದಂತಾಗುತ್ತದೆ, ಕೊನೆಗೆ ಇದ್ದೂ ಇಲ್ಲದಂತಾಗುತ್ತದೆ, ಎದೆಯ ಬಳಿ ಬಟ್ಟೆಯ ಮರೆ ಕಟ್ಟುತ್ತಾರೆ, ಎಚ್ಚರವಿರುತ್ತದೆ, ಪಾತ್ರೆ ತಟ್ಟೆಗಳ ಸದ್ದು, ವೈದ್ಯರ ಮಾತು ಕೇಳಿಸುತ್ತದೆ, ಮುಟ್ಟಿದ್ದು, ಎಳೆದದ್ದು ತಿಳಿಯಬಹುದು, ನೋವು ತಿಳಿಯುವುದಿಲ್ಲ, ಕೆಲವು ಗಂಟೆಗಳಲ್ಲಿ ಕಾಲು ಮರಳಿ ಬರುತ್ತದೆ. ಇಷ್ಟನ್ನು ಹೇಳಲು ಐದು ನಿಮಿಷ ಸಾಕು. ಬೆನ್ನಿನ ಸೂಜಿಯಿಂದ ಜೀವಮಾನವೆಲ್ಲ ಸೊಂಟನೋವು ಬರುತ್ತದೆಂಬ ನಂಬಿಕೆ ನಮ್ಮ ಹೆಣ್ಣುಮಕ್ಕಳಲ್ಲಿ ಬಲವಾಗಿ ಬೇರೂರಿದೆ. ಕೆಲವರಿಗೆ ಕೆಲವು ದಿನ ತಲೆನೋವು ಬರುವುದು ನಿಜ. ದೀರ್ಘಕಾಲದ ಸೊಂಟನೋವಿಗೆ ಈ ಸೂಜಿ ಕಾರಣವೆಂಬುದಕ್ಕೆ ಅಧ್ಯಯನಗಳ ಆಧಾರವಿಲ್ಲ. ಇದನ್ನು ಕೇಳುವ ಮೊದಲೇ ಹೇಳಬೇಕು. ಏಕೆಂದರೆ ಅವರು ಕೇಳುವುದಿಲ್ಲ.

ಉಪವಾಸದ ವಿಷಯವೂ ಹೀಗೆಯೇ. ಹಸಿದ ಹೊಟ್ಟೆಯಲ್ಲಿ ದೊಡ್ಡ ಕೆಲಸಕ್ಕೆ ಹೊರಡುವುದು ನಮ್ಮ ರೈತನ ಪದ್ಧತಿಯಲ್ಲ. ಸ್ವಾರಸ್ಯವೆಂದರೆ, ಸುಶ್ರುತ ಸಂಹಿತೆಯು ಶಸ್ತ್ರಕರ್ಮಕ್ಕೆ ಮುಂಚೆ ರೋಗಿಗೆ ಊಟ ಮಾಡಿಸಬೇಕೆಂದೂ, ಮದ್ಯಪಾನದ ಅಭ್ಯಾಸವಿದ್ದು ನೋವನ್ನು ತಾಳಲಾರದವನಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ ಹೇಳುತ್ತದೆ. ಆದರೆ ಉದರರೋಗ, ಅಶ್ಮರಿ, ಮೂಲವ್ಯಾಧಿ ಮುಂತಾದ ಕೆಲವಕ್ಕೆ ಬರಿಯ ಹೊಟ್ಟೆಯಲ್ಲೇ ಶಸ್ತ್ರಕರ್ಮ ನಡೆಯಬೇಕೆಂದು ವಿಧಿಸುತ್ತದೆ. ಅರಿವಳಿಕೆ ಬಂದ ಮೇಲೆ, ಪ್ರಜ್ಞೆಯಿಲ್ಲದಾಗ ಹೊಟ್ಟೆಯಲ್ಲಿದ್ದದ್ದು ಮೇಲೆದ್ದು ಶ್ವಾಸಕೋಶವನ್ನು ಸೇರಬಹುದೆಂಬ ಕಾರಣದಿಂದ ಉಪವಾಸವು ಸಾಮಾನ್ಯ ನಿಯಮವಾಯಿತು. ಆದರೆ ಇಂದಿನ ನಿಯಮವೂ ಲಘು ಆಹಾರಕ್ಕೆ 6 ಗಂಟೆ, ತಿಳಿ ನೀರಿಗೆ 2 ಗಂಟೆ ಎಂದಷ್ಟೇ ಹೇಳುತ್ತದೆ. ರಾತ್ರಿಯಿಂದ ಮಧ್ಯಾಹ್ನದವರೆಗೆ ಒಣಗಿದ ಗಂಟಲಿನಲ್ಲಿ ಕೂರಿಸುವುದು ವಿಜ್ಞಾನದ ಆಜ್ಞೆಯಲ್ಲ, ನಮ್ಮ ಅನುಕೂಲದ ಏರ್ಪಾಡು.

ಈಗ ಸೀಮೆಯ ವಿಚಾರಕ್ಕೆ ಬರೋಣ. ಕೊಳ್ಳೇಗಾಲವು 1956ರ ನವೆಂಬರಿನವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರಿಗೆ ದೊರೆತ ಜಹಗೀರು. ಹನೂರು ಬಹುಕಾಲ ಕೊಳ್ಳೇಗಾಲದ ಭಾಗವಾಗಿದ್ದು ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೆ ಈ ಸೀಮೆಯ ಜಿಲ್ಲಾ ಕೇಂದ್ರ ಮೈಸೂರು. ಕಠಿಣವಾದ ಶಸ್ತ್ರಚಿಕಿತ್ಸೆಗೆ ಜನ ಹೊರಡುತ್ತಿದ್ದುದೂ ಅಲ್ಲಿಗೇ. ಕೊಳ್ಳೇಗಾಲದಿಂದ ಮೈಸೂರು ಸುಮಾರು 60 ಕಿಲೋಮೀಟರು. ಮಲೆ ಮಹದೇಶ್ವರ ಬೆಟ್ಟದ ಮಗ್ಗುಲಿನ ಹಳ್ಳಿಯವನಿಗೆ ಅದರ ಮೇಲೆ ಇನ್ನೂ 80. ತಾಲ್ಲೂಕು ಆಸ್ಪತ್ರೆಗಳಿವೆ, ಕಾಮಗೆರೆಯಲ್ಲಿ ಹೋಲಿ ಕ್ರಾಸ್ ಆಸ್ಪತ್ರೆಯಿದೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆ ವೈದ್ಯಸೇವೆಯನ್ನು ನಡೆಸಿಕೊಂಡು ಬಂದಿದೆ. 2016ರಲ್ಲಿ ಚಾಮರಾಜನಗರಕ್ಕೆ ವೈದ್ಯಕೀಯ ಕಾಲೇಜೂ ಬಂತು. ಆದರೂ ದೊಡ್ಡ ಶಸ್ತ್ರಚಿಕಿತ್ಸೆಯೆಂದರೆ ಪ್ರಯಾಣ ಎಂಬ ಭಾವನೆ ಜನಮನದಿಂದ ಹೋಗಿಲ್ಲ. ಆ ಪ್ರಯಾಣದಲ್ಲಿ ರೋಗಿಯು ತನ್ನನ್ನು ಬಲ್ಲವರನ್ನೆಲ್ಲ ಹಿಂದೆ ಬಿಟ್ಟುಹೋಗುತ್ತಾನೆ. ಅವನಿಗೆ ವಿವರಿಸಿ ಹೇಳಬೇಕಾದವನು ಅವನನ್ನು ಅಂದೇ ಮೊದಲು ಕಂಡವನು, ಹೊರಗೆ ಇನ್ನೂ ಮೂವತ್ತು ಮಂದಿ ಕಾದಿರುವವನು.

ಭಾಷೆಯ ತೊಡಕನ್ನೂ ಕಡೆಗಣಿಸುವಂತಿಲ್ಲ. ಹನೂರಿನ ಕಡೆ ತಮಿಳು ಮನೆಮಾತಿನವರಿದ್ದಾರೆ. ಕಾಡಿನ ಪೋಡುಗಳಲ್ಲಿ ಸೋಲಿಗರ ನುಡಿಯಿದೆ. ಒಡೆಯರಪಾಳ್ಯದಲ್ಲಿ ಟಿಬೆಟ್ಟಿನವರ ವಸತಿಯಿದೆ. ಕನ್ನಡವೇ ಮನೆಮಾತಾದವನಿಗೂ ವೈದ್ಯನ ಕನ್ನಡ ಅರ್ಧ ಇಂಗ್ಲಿಷು. ‘ಸ್ಪೈನಲ್ ಕೊಡ್ತೀವಿ’ ಎಂದರೆ ಅವನಿಗೇನು ತಿಳಿದೀತು?

ಹರಕೆ, ಮುಡಿಪುಗಳ ವಿಷಯದಲ್ಲಿ ನಮ್ಮ ವಿದ್ಯಾವಂತರು ನಗುವುದುಂಟು. ಆಸ್ಪತ್ರೆಗೆ ಹೊರಡುವ ಮುನ್ನ ಮಾದಪ್ಪನ ಹೆಸರಿನಲ್ಲಿ ಅರಿಸಿನದ ಬಟ್ಟೆಯಲ್ಲಿ ಕಾಸನ್ನು ಕಟ್ಟಿ ಮುಡಿಪಿಡುವುದು, ಗುಣವಾದರೆ ಬೆಟ್ಟಕ್ಕೆ ಬಂದು ಮುಡಿ ಕೊಡುತ್ತೇನೆಂದು ಹೇಳಿಕೊಳ್ಳುವುದು ಇಲ್ಲಿ ಸಾಮಾನ್ಯ. ದೇವರ ವಿಚಾರ ಹಾಗಿರಲಿ. ಮನಶ್ಶಾಸ್ತ್ರದ ದೃಷ್ಟಿಯಿಂದ ಹರಕೆಯು ಎಲ್ಲೆಯಿಲ್ಲದ ದಿಗಿಲಿಗೆ ಒಂದು ಎಲ್ಲೆಯನ್ನು ಕಟ್ಟುತ್ತದೆ. ‘ನನ್ನ ಪಾಲಿನದನ್ನು ನಾನು ಮಾಡಿದ್ದೇನೆ’ ಎಂಬ ಸಮಾಧಾನ ಅದರಿಂದ ದೊರೆಯುತ್ತದೆ. ಗುಣವಾದ ಮೇಲಿನ ಒಂದು ದಿನವು ಕಣ್ಣೆದುರು ನಿಲ್ಲುತ್ತದೆ. ಚಿಕಿತ್ಸೆಗೆ ಬದಲಾಗಿ ಹರಕೆಯನ್ನು ಹೊತ್ತು ಕೂತರೆ ಅಪಾಯವೇ ಸರಿ; ಚಿಕಿತ್ಸೆಯ ಜೊತೆಗೆ ಹೊತ್ತರೆ ಯಾರಿಗೂ ನಷ್ಟವಿಲ್ಲ. ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿಯಿದೆ. ಶಸ್ತ್ರಚಿಕಿತ್ಸೆಯ ಕೊಠಡಿಗೆ ಒಯ್ಯುವ ಮುನ್ನ ತಾಯಿತ, ಬಳೆ, ತಾಳಿ ಎಲ್ಲವನ್ನೂ ತೆಗೆಸುತ್ತಾರೆ. ವಿದ್ಯುತ್ತಿನಿಂದ ರಕ್ತ ಕಟ್ಟುವ ಉಪಕರಣ ಬಳಸುವಾಗ ಮೈಮೇಲಿನ ಲೋಹದಿಂದ ಸುಟ್ಟೀತೆಂಬುದು ಒಂದು ಕಾರಣ. ಕಾರಣ ಯುಕ್ತವಾದದ್ದೇ. ಆದರೆ ಮುತ್ತೈದೆಯ ಕೊರಳಿನ ತಾಳಿಯನ್ನು ಬಾಗಿಲ ಬಳಿ ಅವಸರದಲ್ಲಿ ಬಿಚ್ಚಿಸಿದರೆ ಅವಳ ಪಾಲಿಗೆ ಅದೇ ಅಪಶಕುನ. ಹಿಂದಿನ ದಿನವೇ ಕಾರಣವನ್ನು ತಿಳಿಸಿ, ಬದಲಿಗೆ ಅರಿಸಿನದ ದಾರವನ್ನು ಕಟ್ಟಿಕೊಳ್ಳಬಹುದೆಂದು ಹೇಳುವ ದಾದಿಯರನ್ನು ನಾವು ಬಲ್ಲೆವು. ಆ ದಾದಿಯರು ಯಾವ ಮನಶ್ಶಾಸ್ತ್ರವನ್ನೂ ಓದಿದವರಲ್ಲ.

ಯಾರು ಹೇಳಬೇಕೆಂಬುದಕ್ಕೂ ಬೆಲೆಯಿದೆ. ಡಾ. ಎಂ. ಸಿ. ಮೋದಿಯವರ (1916–2005) ಸಾಮೂಹಿಕ ನೇತ್ರಶಿಬಿರಗಳನ್ನು ಕರ್ನಾಟಕದ ಹಿರಿಯರು ಮರೆತಿಲ್ಲ. ಕಣ್ಣಿಗೆ ಕತ್ತಿ ತಾಗುವುದೆಂದರೆ ಎಂಥವರಿಗೂ ನಡುಕ. ಆದರೂ ಸಾವಿರಾರು ವೃದ್ಧರು ಆ ಶಿಬಿರಗಳಿಗೆ ನಡೆದುಬಂದರು. ವೈದ್ಯರ ಖ್ಯಾತಿಯೊಂದೇ ಇದಕ್ಕೆ ಕಾರಣವಾಗಿರಲಾರದು. ಪಕ್ಕದಲ್ಲಿ ತನ್ನಂಥವನೇ ಒಬ್ಬ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನೆಮ್ಮದಿಯಾಗಿ ಕೂತಿರುವುದನ್ನು ಕಾಣುವ ಅನುಕೂಲ ಶಿಬಿರದಲ್ಲಿತ್ತೆಂದು ನಮ್ಮ ಊಹೆ. ಹೃದಯದ ಶಸ್ತ್ರಚಿಕಿತ್ಸೆಗೆ ಕಾದಿದ್ದವರನ್ನು ಕುರಿತು ಅಮೆರಿಕದ ಕ್ಯೂಲಿಕ್ ಮತ್ತು ಮಾಹ್ಲರ್ 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ಊಹೆಗೆ ಪುಷ್ಟಿ ಕೊಡುತ್ತದೆ: ಆಗಲೇ ಶಸ್ತ್ರಚಿಕಿತ್ಸೆ ಆಗಿದ್ದವನ ಕೊಠಡಿಯಲ್ಲಿ ಇದ್ದವರಿಗೆ ಭಯ ಕಡಿಮೆ, ಅವರು ಬೇಗ ಎದ್ದು ನಡೆದಾಡಿದರು, ಬೇಗ ಮನೆಗೆ ಹೋದರು. ನಮ್ಮ ಸೋದರಮಾವನವರ ಕಥೆಯೂ ಹೀಗೆಯೇ ಮುಂದುವರಿಯಿತು. ಮಕ್ಕಳ ಒತ್ತಾಯಕ್ಕೆ ಬಗ್ಗದ ಅವರು, ನೆರೆಯ ಜಮೀನಿನವರೊಬ್ಬರು ಅದೇ ಸೂಜಿ ಹಾಕಿಸಿಕೊಂಡು ಬಂದು, “ನಂಗೂ ಕಾಲು ಹೋಗಿತ್ತು ಕಣಣ್ಣ, ಸಂಜೆಗೆ ಬಂತು” ಎಂದಮೇಲೆ ಆಸ್ಪತ್ರೆಗೆ ಹೊರಟರು.

ಒಪ್ಪಿಗೆಯ ಕಾಗದದ ಮೇಲೆ ಮಗನೋ ಗಂಡನೋ ರುಜು ಹಾಕಿದರೆ ಸಾಕೆಂಬ ರೂಢಿಯನ್ನೂ ಇಲ್ಲಿ ಹೇಳಬೇಕು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನ ಪ್ರಕಾರ, ವಯಸ್ಕ ರೋಗಿಯು ಅರಿವಳಿಕೆಯಲ್ಲಿದ್ದಾಗ ತಾಯಿಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ರೋಗಿಗೇ ಸಾಕಷ್ಟು ತಿಳಿಸಿ ರೋಗಿಯಿಂದಲೇ ಅದನ್ನು ಪಡೆಯಬೇಕು. ಜೀವಕ್ಕೆ ಒಡನೆ ಅಪಾಯವಿರುವ ಸಂದರ್ಭ ಮಾತ್ರ ಬೇರೆ. ಕಾನೂನು ಕೇಳುವುದೂ ಮನಶ್ಶಾಸ್ತ್ರ ಕೇಳುವುದೂ ಇಲ್ಲಿ ಒಂದೇ.

ಶಸ್ತ್ರಚಿಕಿತ್ಸೆಯ ಅನಂತರದ ಸ್ಥಿತಿಯ ಬಗ್ಗೆ ಒಂದು ಮಾತು. ವಯಸ್ಸಾದವರಲ್ಲಿ ಕೆಲವರು ಮೊದಲ ಎರಡು ಮೂರು ದಿನಗಳಲ್ಲಿ, ವಿಶೇಷವಾಗಿ ರಾತ್ರಿಯ ಹೊತ್ತು, ಗುರುತು ತಪ್ಪುತ್ತಾರೆ, ಇಲ್ಲದವರೊಡನೆ ಮಾತನಾಡುತ್ತಾರೆ, ಸೂಜಿ ಕೊಳವೆಗಳನ್ನು ಕಿತ್ತೊಗೆಯುತ್ತಾರೆ. ಮನೆಯವರು ಗಾಳಿ ಸೋಕಿತೆಂದು ತಿಳಿಯುವುದುಂಟು. ಇದು ಹುಚ್ಚೂ ಅಲ್ಲ, ಗಾಳಿಯೂ ಅಲ್ಲ; ದೇಹದ ತೊಂದರೆಯಿಂದ ಮಿದುಳಿಗೆ ಕವಿದ ಮಬ್ಬು. ವೈದ್ಯರಿಗೆ ತಕ್ಷಣ ತಿಳಿಸಬೇಕು. ಕನ್ನಡಕವನ್ನು ಮರಳಿ ಹಾಕುವುದು, ಹಗಲಿನಲ್ಲಿ ಬೆಳಕು ಬರುವಂತೆ ಮಾಡುವುದು, ಪರಿಚಿತರೊಬ್ಬರು ಪಕ್ಕದಲ್ಲಿ ಕೂತು ಊರು, ದಿನ, ಹೊತ್ತನ್ನು ಮತ್ತೆ ಮತ್ತೆ ಹೇಳುವುದು ಬಹಳ ಸಹಾಯಕ.

ಕೊನೆಯದಾಗಿ, ಅಳತೆಯ ಸಾಧನಗಳ ಪ್ರಶ್ನೆ. 1970ರಲ್ಲಿ ಪ್ರಕಟವಾದ ಸ್ಪೀಲ್‌ಬರ್ಗರನ ಆತಂಕ ಮಾಪಕದಲ್ಲಿ 40 ಪ್ರಶ್ನೆಗಳಿವೆ. ಅಕ್ಷರ ಬಾರದ ರೋಗಿಯ ಹಾಸಿಗೆಯ ಬಳಿ ಅದನ್ನು ಓದಿ ಮುಗಿಸುವುದು ಕಷ್ಟ. 1996ರ ಆಮ್‌ಸ್ಟರ್‌ಡ್ಯಾಮ್ ಮಾಪಕದಲ್ಲಿ 6 ಮಾತ್ರ: ನಾಲ್ಕು ಅರಿವಳಿಕೆಯ ಮತ್ತು ಶಸ್ತ್ರಚಿಕಿತ್ಸೆಯ ಭಯವನ್ನು ಕುರಿತು, ಎರಡು ರೋಗಿಗೆ ಎಷ್ಟು ತಿಳಿಯಬೇಕೆಂಬ ಆಸೆಯಿದೆ ಎಂಬುದನ್ನು ಕುರಿತು. ನಮ್ಮ ಸೀಮೆಗೆ ಎರಡನೆಯದೇ ಹೆಚ್ಚು ಅನುಕೂಲ. ಆದರೆ ಆ ಆರು ಪ್ರಶ್ನೆಗಳ ಬಲೆಯಿಂದ ನುಣುಚಿಕೊಳ್ಳುವ ಒಂದು ದಿಗಿಲಿದೆ. ಕೊಳ್ಳೇಗಾಲದ ಸುತ್ತ ರೇಷ್ಮೆಹುಳು ಸಾಕುವ ಮನೆಗಳುಂಟು. ಹುಳು ನಾಲ್ಕನೆಯ ಜ್ವರದಿಂದ ಎದ್ದಮೇಲೆ ಹಣ್ಣಾಗುವವರೆಗೆ ಸುಮಾರು ಒಂದು ವಾರ ಹಗಲು ರಾತ್ರಿಯೆನ್ನದೆ ಸೊಪ್ಪು ತಿನ್ನುತ್ತದೆ. ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡದಿದ್ದರೆ ಇಡೀ ಬೆಳೆ ಹಾಳು. ಆ ವಾರದಲ್ಲಿ ಆಸ್ಪತ್ರೆಯಲ್ಲಿ ಮಲಗಿರುವ ಹೆಂಗಸಿನ ನಾಡಿ ಏರಿದ್ದರೆ ಅದು ಕತ್ತಿಯ ಭಯದಿಂದಲೇ ಎಂದು ಹೇಗೆ ಹೇಳುವುದು? ಸೊಪ್ಪು ಕುಯ್ಯುವವರಾರು, ಸಾಲದ ಕಂತು ಕಟ್ಟುವವರಾರು, ಹಾಲು ಕರೆಯುವವರಾರು ಎಂಬ ಚಿಂತೆಗೆ ಯಾವ ಮಾಪಕದಲ್ಲಿಯೂ ಮನೆಯಿಲ್ಲ. ಈ ಸೀಮೆಯಲ್ಲಿ ಅಧ್ಯಯನ ಕೈಗೊಳ್ಳುವ ವಿದ್ಯಾರ್ಥಿಗಳು ಆ ಆರರ ಜೊತೆಗೆ ಏಳನೆಯದೊಂದನ್ನು ಸೇರಿಸಿಕೊಳ್ಳಬೇಕೆಂದು ನಮ್ಮ ಸೂಚನೆ. ಅದನ್ನು ಆಸ್ಪತ್ರೆಯಲ್ಲಿ ಕೇಳುವುದಕ್ಕಿಂತ ರೋಗಿಯು ಊರು ಬಿಡುವ ಮೊದಲೇ ಹಳ್ಳಿಯ ಆಶಾ ಕಾರ್ಯಕರ್ತೆ ಕೇಳುವುದು ಮೇಲು, ದಿನಾಂಕವನ್ನು ಒಂದು ವಾರ ಮುಂದಕ್ಕೆ ಹಾಕಿಸಲು ಆಗಿನ್ನೂ ಅವಕಾಶವಿರುತ್ತದೆ: “ಮನೆಯಲ್ಲಿ ಯಾವ ಕೆಲಸ ಬಿಟ್ಟು ಹೊರಟಿದ್ದೀಯವ್ವಾ, ಅದನ್ನು ಯಾರು ನೋಡಿಕೊಳ್ಳುತ್ತಾರೆ?”